ಹೂವಿನ ದಿನ ಬರೆದಿಟ್ಟವರು

(ಊರಿನ ಓದುಗರ ಬಳಗದ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇತಿಹಾಸದ ಪಾಠ ಹೇಳಿ ನಿವೃತ್ತನಾದವನನ್ನು ಕರೆಸಿ ಗಿಡಮರಗಳ ಬಗ್ಗೆ ಮಾತಾಡಿ ಎಂದಿದ್ದೀರಿ. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಭೂಮಿ ಬಿಸಿಯೇರುತ್ತಿರುವುದರಿಂದ ಚಳಿನಾಡುಗಳ ಮರಗಳು ಚಿಗುರುವ, ಹೂಬಿಡುವ, ಎಲೆ ಉದುರಿಸುವ ಕಾಲ ಹೇಗೆ ಪಲ್ಲಟವಾಗುತ್ತಿದೆ ಎಂಬ ಕತೆ ಅರ್ಧ ಸಸ್ಯಶಾಸ್ತ್ರದ್ದಾದರೆ ಇನ್ನರ್ಧ ಹಳೆಯ ಕಾಗದಪತ್ರಗಳದ್ದು. ಆ ಎರಡನೆಯ ಬಾಗಿಲಿನಿಂದ ಒಳಗೆ ಹೋಗಲು ನನಗೆ ಸ್ವಲ್ಪ ಧೈರ್ಯವಿದೆ. ಹಾಗಾಗಿ ಒಂದು ದಾಖಲೆಯಿಂದಲೇ ಪ್ರಾರಂಭಿಸುತ್ತೇನೆ.

ಕ್ರಿ.ಶ. 812ನೆಯ ಇಸವಿ. ನಮ್ಮಲ್ಲಿ ರಾಷ್ಟ್ರಕೂಟರ ಮೂರನೆಯ ಗೋವಿಂದ ಆಳುತ್ತಿದ್ದ ಕಾಲ. ಆ ವರ್ಷ ಜಪಾನಿನ ರಾಜಧಾನಿಯಾಗಿದ್ದ ಕ್ಯೋಟೋದಲ್ಲಿ ಸಾಗಾ ಚಕ್ರವರ್ತಿ ತನ್ನ ಶಿನ್ಸೆನ್-ಎನ್ ಎಂಬ ಉದ್ಯಾನದಲ್ಲಿ ಹೂವಿನ ಔತಣ ಏರ್ಪಡಿಸಿದ. ವಿದ್ವಾಂಸರಿಂದ ಕವಿತೆ ಕಟ್ಟಿಸಿದ. ಆಸ್ಥಾನದ ಬರಹಗಾರರು ಅದನ್ನೆಲ್ಲ 'ನಿಹೊನ್ ಕೋಕಿ' ಎಂಬ ರಾಜವೃತ್ತಾಂತದಲ್ಲಿ ದಿನ, ಮಾಸಗಳ ಸಮೇತ ಬರೆದಿಟ್ಟರು. ಅವರಿಗೆ ಮುಖ್ಯವಾಗಿದ್ದುದು ದೊರೆಯ ವೈಭವ. ಚೆರ್ರಿ ಮರ ಹೂಬಿಟ್ಟ ದಿನ ಆ ವೈಭವದ ಬೆನ್ನಿಗೆ ಅಂಟಿಕೊಂಡು ಬಂತು, ಅಷ್ಟೆ.

ಅಲ್ಲಿಂದ ಮುಂದೆ ಕ್ಯೋಟೋದಲ್ಲಿ ಹೂ ನೋಡುವ ಹಬ್ಬ ನಿಲ್ಲಲಿಲ್ಲ. ದೊರೆಗಳು, ಆಸ್ಥಾನಿಕರು, ಅಧಿಕಾರಿಗಳು, ಮಠದ ಭಿಕ್ಷುಗಳು ತಂತಮ್ಮ ದಿನಚರಿಗಳಲ್ಲಿ ಇಂಥ ದಿನ ಹೂ ನೋಡಲು ಹೋದೆವು, ಇಂಥ ದಿನ ಮರ ತುಂಬ ಅರಳಿತ್ತು ಎಂದು ಬರೆಯುತ್ತ ಬಂದರು. ಇತ್ತೀಚಿನ ಕಾಲಕ್ಕೆ ಬಂದರೆ, ನಗರದ ಅಂಚಿನ ಅರಾಶಿಯಾಮಾ ಗುಡ್ಡದ ಹೂವಿನ ಸುದ್ದಿಯನ್ನು ದಿನಪತ್ರಿಕೆಗಳೇ ಛಾಪಿಸತೊಡಗಿದವು. ಒಸಾಕಾದ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕರಾಗಿದ್ದ ಯಾಸುಯುಕಿ ಅವೊನೊ ಎಂಬ ವಿಜ್ಞಾನಿ ಈ ಹಳೆಯ ಬರಹಗಳನ್ನೆಲ್ಲ ಜಾಲಾಡಿದರು. ಚಾಂದ್ರಮಾನದ ತಿಥಿಗಳನ್ನು ಇಂದಿನ ಕ್ಯಾಲೆಂಡರಿನ ತಾರೀಖುಗಳಿಗೆ ಪರಿವರ್ತಿಸಿ, ಏಳುನೂರಕ್ಕೂ ಹೆಚ್ಚು ವರ್ಷಗಳ ಹೂವಿನ ದಿನಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಒಂದೇ ಜಾತಿಯ ಮರಗಳನ್ನು ಹೋಲಿಸಬೇಕೆಂಬ ಎಚ್ಚರದಿಂದ ಇಂದಿನ ಬೀದಿಗಳಲ್ಲಿ ಕಾಣುವ ಹೊಸ ತಳಿಯನ್ನು ಬಿಟ್ಟು, ಪ್ರಾಚೀನರು ಕಂಡ ಕಾಡುಚೆರ್ರಿಯನ್ನೇ ಲೆಕ್ಕಕ್ಕೆ ಹಿಡಿದರು.

ಆ ಸಾಲು ಏನು ಹೇಳುತ್ತದೆ? ಸಾವಿರ ವರ್ಷಗಳ ಕಾಲ ಹೂ ಅರಳುವ ದಿನ ಒಮ್ಮೆ ಹಿಂದೆ, ಒಮ್ಮೆ ಮುಂದೆ ತೂಗಾಡಿದರೂ ಸರಾಸರಿಯಲ್ಲಿ ಏಪ್ರಿಲ್ ನಡುಭಾಗದ ಆಸುಪಾಸಿನಲ್ಲೇ ಇತ್ತು. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಅದು ಒಂದೇ ದಿಕ್ಕಿಗೆ ಸರಿಯತೊಡಗಿ, ಈಗ ಏಪ್ರಿಲ್ ಮೊದಲ ವಾರಕ್ಕೆ ಬಂದಿದೆ. 2021ರಲ್ಲಿ ಮರಗಳು ಮಾರ್ಚ್ 26ಕ್ಕೇ ತುಂಬಿ ಅರಳಿದವು. ಅದಕ್ಕೆ ಮೊದಲು ದಾಖಲಾಗಿದ್ದ ಅತಿ ಮುಂಚಿನ ದಿನ 1409ರ ಮಾರ್ಚ್ 27. ಆರು ಶತಮಾನ ಉಳಿದಿದ್ದ ದಾಖಲೆ ಒಂದು ದಿನದ ಅಂತರದಲ್ಲಿ ಮುರಿಯಿತು. ಇದರಲ್ಲಿ ಬೆಳೆದ ನಗರದ ಕಾಂಕ್ರೀಟಿನ ಬಿಸಿಯ ಪಾಲೂ ಇದೆ ಎಂಬುದನ್ನು ವಿಜ್ಞಾನಿಗಳು ಮರೆಮಾಚುವುದಿಲ್ಲ. ಆದರೆ ಆ ಪಾಲನ್ನು ಕಳೆದ ಮೇಲೂ ಉಳಿಯುವ ಭಾಗ ಸಣ್ಣದಲ್ಲ.

1409ರಲ್ಲೂ ಇಷ್ಟೇ ಮುಂಚೆ ಅರಳಿತ್ತಲ್ಲ, ಹಾಗಾದರೆ ಹೊಸದೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ವರ್ಷದ ಹೂವು ಆ ವರ್ಷದ ಹವೆಯನ್ನು ಹೇಳುತ್ತದೆ. ನೂರಾರು ವರ್ಷಗಳ ಹೂವು ಕಾಲದ ನಡಿಗೆಯನ್ನು ಹೇಳುತ್ತದೆ. 1409 ಒಂಟಿ ವರ್ಷ. ಈಗಿನದು ಒಂದರ ಹಿಂದೊಂದು ಬರುತ್ತಿರುವ ವರ್ಷಗಳ ಸಾಲು. ಸಾಲು ನೋಡಲು ಸಾಲು ಬರೆದಿಟ್ಟವರು ಬೇಕಲ್ಲವೆ? ನನ್ನ ಇಂದಿನ ಮಾತು ಅಂಥವರನ್ನು ಕುರಿತದ್ದು.

ಎರಡು ಬೀಗದ ಪೆಟ್ಟಿಗೆ

ಮುಂದೆ ಹೋಗುವ ಮುನ್ನ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಮರಕ್ಕೆ ವಸಂತ ಬಂತೆಂದು ಗೊತ್ತಾಗುವುದು ಹೇಗೆ?

ನಮ್ಮ ಕಡೆಯವರಿಗೆ ಚಳಿನಾಡಿನ ಮರದ ಬದುಕು ಸುಲಭವಾಗಿ ಕಣ್ಣಿಗೆ ಕಟ್ಟುವುದಿಲ್ಲ. ಸಮಶೀತೋಷ್ಣ ವಲಯದಲ್ಲಿ ವರ್ಷದ ಮೂರು ನಾಲ್ಕು ತಿಂಗಳು ನೀರೇ ಹೆಪ್ಪುಗಟ್ಟಬಹುದು. ಮೃದುವಾದ ಎಲೆಯನ್ನು ಹೊತ್ತು ನಿಂತ ಮರ ಆ ಚಳಿಯಲ್ಲಿ ಸತ್ತೇಹೋದೀತು. ಅದಕ್ಕೇ ಓಕ್, ಬೀಚ್, ಚೆರ್ರಿ, ಸೇಬು ಮುಂತಾದ ಮರಗಳು ಶರತ್ಕಾಲದಲ್ಲಿ ಎಲೆಯಲ್ಲಿರುವ ಸಾರವನ್ನು ಹಿಂದಕ್ಕೆ ಎಳೆದುಕೊಂಡು ಎಲೆ ಕಳಚುತ್ತವೆ. ಮುಂದಿನ ವರ್ಷದ ಚಿಗುರು, ಹೂವು ಆ ವೇಳೆಗಾಗಲೇ ಸಣ್ಣ ಮೊಗ್ಗುಗಳಲ್ಲಿ ಸಿದ್ಧವಾಗಿ, ಗಟ್ಟಿ ಹೊರಪೊರೆಯೊಳಗೆ ಮಡಚಿಕೊಂಡು ಮಲಗಿರುತ್ತವೆ.

ಈ ಮೊಗ್ಗನ್ನು ಎರಡು ಬೀಗ ಹಾಕಿದ ಪೆಟ್ಟಿಗೆ ಎಂದುಕೊಳ್ಳಿ. ಮೊದಲ ಬೀಗ ತೆರೆಯುವುದು ಬಿಸಿಲಿನಿಂದಲ್ಲ, ಚಳಿಯಿಂದ! ಆಶ್ಚರ್ಯವೆನಿಸಬಹುದು, ಆದರೆ ಇದರಲ್ಲಿ ಮರದ ಜಾಣತನವಿದೆ. ನವೆಂಬರ್‌ನಲ್ಲಿ ಒಂದು ವಾರ ಬೆಚ್ಚಗಾಯಿತೆಂದು ಮರ ಚಿಗುರಿಬಿಟ್ಟರೆ ಡಿಸೆಂಬರ್‌ನ ಹಿಮ ಆ ಚಿಗುರನ್ನು ಸುಟ್ಟುಬಿಡುತ್ತದೆ. ಆದ್ದರಿಂದ ಮೊಗ್ಗು ಮೊದಲು ಚಳಿಯ ಗಂಟೆಗಳನ್ನು ಎಣಿಸುತ್ತದೆ. ಸೇಬಿನ ಹಳೆಯ ತಳಿಗಳಿಗೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸಾವಿರದಿಂದ ಸಾವಿರದಿನ್ನೂರು ಗಂಟೆಗಳಷ್ಟು ಬೇಕೆಂಬುದು ಒಂದು ಅಂದಾಜು. ಅಷ್ಟು ಚಳಿ ಉಂಡ ಮೇಲೆ ಮೊಗ್ಗಿಗೆ ಚಳಿಗಾಲ ಕಳೆಯಿತೆಂಬ ನಂಬಿಕೆ ಬರುತ್ತದೆ.

ಆಗ ಎರಡನೆಯ ಬೀಗದ ಸರದಿ. ಇದು ತೆರೆಯುವುದು ಬೆಚ್ಚನೆಯ ದಿನಗಳ ಮೊತ್ತದಿಂದ. ಪ್ರತಿ ಬೆಚ್ಚನೆಯ ದಿನವೂ ಹುಂಡಿಗೆ ಒಂದಿಷ್ಟು ಕಾಸು ಹಾಕಿದಂತೆ. ಹುಂಡಿ ತುಂಬಿದ ದಿನ ಮೊಗ್ಗು ಬಿರಿಯುತ್ತದೆ. ವಸಂತ ಬೇಗ ಬೆಚ್ಚಗಾದರೆ ಹುಂಡಿ ಬೇಗ ತುಂಬುತ್ತದೆ, ಹೂ ಬೇಗ ಅರಳುತ್ತದೆ. ಬೀಚ್‌ನಂಥ ಕೆಲವು ಮರಗಳು ಇಷ್ಟಕ್ಕೂ ತೃಪ್ತಿಪಡದೆ ಹಗಲಿನ ಉದ್ದವನ್ನೂ ಅಳೆಯುತ್ತವೆ. ಹವೆ ಎಷ್ಟೇ ಬೆಚ್ಚಗಿರಲಿ, ಹಗಲು ಸಾಕಷ್ಟು ಉದ್ದವಾಗದ ಹೊರತು ಅವು ಅವಸರಪಡುವುದಿಲ್ಲ.

ಚಳಿ, ಬೆಚ್ಚಗು, ಬೆಳಕು. ಈ ಮೂರರಲ್ಲಿ ಬೆಳಕಿನ ಲೆಕ್ಕ ಬದಲಾಗುವುದಿಲ್ಲ, ಸೂರ್ಯನ ಪಂಚಾಂಗ ನಮ್ಮ ಕೈಗೆ ಸಿಗುವಂಥದ್ದಲ್ಲ. ಉಳಿದೆರಡನ್ನು ನಾವು ಬದಲಿಸಿದ್ದೇವೆ. ಕಲ್ಲಿದ್ದಲು, ಎಣ್ಣೆ ಸುಟ್ಟು ಮೇಲೆ ಕಳಿಸಿದ ಅನಿಲಗಳಿಂದಾಗಿ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಮೇಲ್ಮೈ ಉಷ್ಣತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸರಾಸರಿ 1.1 ಡಿಗ್ರಿಯಷ್ಟು ಹೆಚ್ಚಿತ್ತು. ಕೇಳಲು ಅಲ್ಪವೆನಿಸುವ ಈ ಏರಿಕೆ ಮರದ ಎರಡೂ ಬೀಗಗಳನ್ನು ಅಲುಗಾಡಿಸಿದೆ.

ಜಮೀನುದಾರನ ಟಿಪ್ಪಣಿ, ಕೂಲಿಯ ಲೆಕ್ಕ

ಈಗ ಮತ್ತೆ ಕಾಗದಪತ್ರಗಳಿಗೆ ಬರೋಣ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರನಿದ್ದ. ಮರ ನೆಡುವುದು ಅವನ ಹುಚ್ಚು. 1736ರಿಂದ ಅವನು ಪ್ರತಿ ವರ್ಷ ವಸಂತದ ಗುರುತುಗಳನ್ನು ಬರೆದಿಡತೊಡಗಿದ. ಮೊದಲ ಸ್ನೋಡ್ರಾಪ್ ಹೂವು ಎಂದು, ಓಕ್ ಚಿಗುರಿದ್ದು ಎಂದು, ಕಪ್ಪೆ ವಟಗುಟ್ಟಿದ್ದು ಎಂದು, ಕೋಗಿಲೆ ಕೂಗಿದ್ದು ಎಂದು, ಹೀಗೆ ಇಪ್ಪತ್ತೇಳು ಗುರುತುಗಳು. 1789ರಲ್ಲಿ ಈ ಪಟ್ಟಿಯನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. 1797ರಲ್ಲಿ ಅವನು ತೀರಿಕೊಂಡ. ಆದರೆ ಪಟ್ಟಿ ತೀರಲಿಲ್ಲ. ಮಗ, ಮೊಮ್ಮಗ, ಮರಿಮಗ ಎಂದು ಆ ಮನೆತನದವರು ನಡುವೆ ಕೆಲವು ವರ್ಷ ಬಿಟ್ಟರೂ 1958ರವರೆಗೆ ಬರೆಯುತ್ತಲೇ ಹೋದರು.

ಇನ್ನೂರು ವರ್ಷ ಒಂದೇ ಮನೆತನ ಒಂದೇ ಊರಿನ ಚಿಗುರನ್ನು ನೋಡುತ್ತ ಕೂತಿತ್ತೆಂದರೆ ಅದೇನು ಸಣ್ಣ ಮಾತೆ? ಅವರಿಗೆ ಇದರಿಂದ ಕಾಸಿನ ಲಾಭವಿರಲಿಲ್ಲ. ನೆರೆಹೊರೆಯವರು ನಕ್ಕಿರಲೂಬಹುದು. ಆದರೆ ಇಂಗ್ಲೆಂಡಿನಲ್ಲಿ ಇಂಥ ಹುಚ್ಚಿನವರು ಬೇಕಾದಷ್ಟು ಮಂದಿ ಇದ್ದರು. ತೋಟದವರು, ಪಾದ್ರಿಗಳು, ಶಾಲೆಯ ಉಪಾಧ್ಯಾಯರು ಬರೆದಿಟ್ಟ ಇಂಥ ನಾಲ್ಕು ಲಕ್ಷಕ್ಕೂ ಹೆಚ್ಚು ನಮೂದುಗಳನ್ನು ಒಟ್ಟು ಮಾಡಿ, 406 ಬಗೆಯ ಸಸ್ಯಗಳ ಲೆಕ್ಕವನ್ನು 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 1753ರಿಂದ 1986ರವರೆಗಿನ ಸರಾಸರಿಗೆ ಹೋಲಿಸಿದರೆ 1987ರಿಂದ 2019ರವರೆಗೆ ಮೊದಲ ಹೂವು ಸುಮಾರು ಒಂದು ತಿಂಗಳು ಮುಂಚೆ ಅರಳಿತ್ತು. ಒಂದು ತಿಂಗಳು! ನಮ್ಮ ಯುಗಾದಿಯ ಬೇವಿನ ಹೂವು ಶಿವರಾತ್ರಿಗೇ ಉದುರಿದಂತೆ ಎಂದು ಊಹಿಸಿಕೊಳ್ಳಿ.

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಬೋನ್ ಎಂಬ ಊರಿದೆ. ದ್ರಾಕ್ಷಾರಸಕ್ಕೆ ಹೆಸರಾದ ಊರು. ಅಲ್ಲಿ ಹೂವಿನ ಹುಚ್ಚಿನವರು ಬೇಕಾಗಲಿಲ್ಲ, ಕೂಲಿಯ ಲೆಕ್ಕವೇ ಸಾಕಾಯಿತು. ದ್ರಾಕ್ಷಿ ಕೊಯ್ಲು ಶುರುವಾದ ದಿನ ಕೊಯ್ಯುವವರಿಗೆ ಕೂಲಿ ಕೊಡಬೇಕು, ಕೊಟ್ಟದ್ದನ್ನು ಬರೆಯಬೇಕು. ಕೊಯ್ಲು ಎಂದು ಶುರುವಾಗಬೇಕೆಂಬುದನ್ನು ಊರಿನ ಸಭೆ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯುತ್ತಿತ್ತು. ಹೀಗೆ 1354ರಿಂದ 2018ರವರೆಗಿನ ಕೊಯ್ಲಿನ ದಿನಗಳ ಸರಣಿಯೊಂದನ್ನು ಥಾಮಸ್ ಲಾಬೆ ಮತ್ತು ಸಂಗಡಿಗರು 2019ರಲ್ಲಿ ಹೊರತಂದರು. ದ್ರಾಕ್ಷಿ ಎಷ್ಟು ಬೇಗ ಮಾಗುತ್ತದೆ ಎಂಬುದು ಆ ವರ್ಷದ ವಸಂತ, ಬೇಸಿಗೆಗಳ ಬಿಸಿಯನ್ನು ಅವಲಂಬಿಸಿರುವುದರಿಂದ ಕೊಯ್ಲಿನ ತಾರೀಖೆಂದರೆ ಬಳ್ಳಿ ತಾನೇ ಬರೆದ ಹವಾಮಾನದ ವರದಿ. 1987ರವರೆಗೆ ಸರಾಸರಿ ಕೊಯ್ಲು ಸೆಪ್ಟೆಂಬರ್ 28ಕ್ಕೆ ಶುರುವಾಗುತ್ತಿತ್ತು. 1988ರಿಂದ ಈಚೆಗೆ ಅದು ಸೆಪ್ಟೆಂಬರ್ 15ಕ್ಕೆ ಬಂದಿದೆ. ಹದಿಮೂರು ದಿನಗಳ ಅಂತರ.

ದೊರೆಯ ಔತಣ, ಜಮೀನುದಾರನ ಹವ್ಯಾಸ, ಕೂಲಿಯ ಲೆಕ್ಕ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೇಶಗಳ ಮೂರು ಬಗೆಯ ಕಾಗದಗಳು. ಬರೆದವರಿಗೆ ಪರಸ್ಪರ ಪರಿಚಯವಿಲ್ಲ. ಹವಾಮಾನ ಬದಲಾವಣೆ ಎಂಬ ಮಾತನ್ನು ಅವರು ಕೇಳಿದವರೇ ಅಲ್ಲ. ಯಾವ ವಾದವನ್ನೂ ಗೆಲ್ಲಿಸಲು ಅವರು ಬರೆಯಲಿಲ್ಲ. ಆದರೂ ಮೂವರ ಸಾಕ್ಷ್ಯ ಒಂದೇ. ನ್ಯಾಯಾಲಯದಲ್ಲಾದರೆ ಇದಕ್ಕಿಂತ ಒಳ್ಳೆಯ ಸಾಕ್ಷಿಗಳು ಸಿಗುವರೆ?

ಹೀಗೆ ಋತುವಿನೊಂದಿಗೆ ಜೀವಿಗಳು ನಡೆಯುವ ರೀತಿಯನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಫಿನಾಲಜಿ ಎಂಬ ಹೆಸರಿದೆ. ಹೆಸರಿಟ್ಟವನು ಬೆಲ್ಜಿಯಂನ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಮೋರೆನ್, 1849ರಲ್ಲಿ. 1957ರಲ್ಲಿ ಯೂರೋಪಿನ ವಿಜ್ಞಾನಿಗಳು ಒಂದು ಉಪಾಯ ಹೂಡಿದರು. ಒಂದೇ ತಾಯಿಮರದಿಂದ ಪಡೆದ ಸಸಿಗಳನ್ನು ಬೇರೆ ಬೇರೆ ದೇಶಗಳ ತೋಟಗಳಲ್ಲಿ ನೆಟ್ಟರು. ಮರದ ಸ್ವಭಾವ ಒಂದೇ ಆದ್ದರಿಂದ ಚಿಗುರುವ ದಿನದಲ್ಲಿ ಕಾಣುವ ವ್ಯತ್ಯಾಸ ಹವೆಯದ್ದೇ ಎಂದು ಹೇಳಬಹುದು. ಈ ತೋಟಗಳ ದಾಖಲೆಯನ್ನು ಜರ್ಮನಿಯ ಆನೆಟ್ ಮೆನ್ಝೆಲ್ ಮತ್ತು ಪೀಟರ್ ಫಾಬಿಯನ್ 1999ರಲ್ಲಿ ಪರಿಶೀಲಿಸಿದಾಗ, 1960ರ ದಶಕದ ಆರಂಭದಿಂದ ಅಲ್ಲಿಯವರೆಗೆ ಮರಗಳ ಬೆಳವಣಿಗೆಯ ಕಾಲ ಸರಾಸರಿ 10.8 ದಿನ ಹಿಗ್ಗಿತ್ತು. ವಸಂತ ಆರು ದಿನ ಮುಂದೆ ಬಂದಿತ್ತು, ಶರತ್ಕಾಲ ಸುಮಾರು ಐದು ದಿನ ಹಿಂದೆ ಸರಿದಿತ್ತು.

ಬೇಗ ಬಂದ ವಸಂತದಿಂದ ನಷ್ಟವೇನು?

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಚಳಿನಾಡಿನವರಿಗೆ ವಸಂತವೆಂದರೆ ಪ್ರಾಣ. ಅದು ಹತ್ತು ದಿನ ಬೇಗ ಬಂದರೆ ಒಳ್ಳೆಯದೇ ಆಯಿತಲ್ಲ? ಬೆಳೆಯ ಕಾಲ ಉದ್ದವಾಯಿತು, ಹಸಿರು ಹೆಚ್ಚಾಯಿತು. ಮೇಲುನೋಟಕ್ಕೆ ಇದು ಸರಿ. ಕೆಲವು ಕಡೆ ಕೆಲವರಿಗೆ ಲಾಭವೂ ಆಗಿದೆ. ಆದರೆ ನಿಸರ್ಗದಲ್ಲಿ ಯಾರೂ ಒಂಟಿಯಾಗಿ ಬದುಕುವುದಿಲ್ಲ. ತೊಂದರೆ ಇರುವುದು ವಸಂತ ಬೇಗ ಬರುವುದರಲ್ಲಿ ಅಲ್ಲ, ಎಲ್ಲರಿಗೂ ಒಂದೇ ಅಳತೆಯಲ್ಲಿ ಬೇಗ ಬಾರದಿರುವುದರಲ್ಲಿ. ಮೂರು ದೃಷ್ಟಾಂತ ಕೊಡುತ್ತೇನೆ.

ಮೊದಲನೆಯದು ಹಿಮದ ಪೆಟ್ಟು. ಸರಾಸರಿ ಉಷ್ಣತೆ ಏರಿದರೂ ಏಪ್ರಿಲ್‌ನ ಒಂದು ರಾತ್ರಿ ಉತ್ತರದಿಂದ ಕಡುಚಳಿ ಇಳಿದುಬರುವುದು ನಿಂತಿಲ್ಲ. ಮೊಗ್ಗು ಮುಚ್ಚಿದ್ದರೆ ಆ ಚಳಿಯಿಂದ ಬಾಧೆಯಿಲ್ಲ. ಬಿರಿದಿದ್ದರೆ ಹೂವಿನ ಹೃದಯವೇ ಕರಕಲಾಗುತ್ತದೆ. 2012ರ ಮಾರ್ಚ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬೇಸಿಗೆಯಂಥ ಸೆಕೆ ಬಂತು. ಸೇಬು, ಚೆರ್ರಿ ಮರಗಳು ವಾರಗಳಷ್ಟು ಮುಂಚೆ ಮೊಗ್ಗು ಬಿರಿದವು. ಏಪ್ರಿಲ್‌ನಲ್ಲಿ ಮೇಲಿಂದ ಮೇಲೆ ಹಿಮ ಬಿತ್ತು. ಆ ವರ್ಷ ಅಲ್ಲಿನ ಸೇಬಿನ ಫಸಲಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನಷ್ಟವಾಯಿತು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೂ ಇದೇ ಗತಿ. ರೈತರು ರಾತ್ರಿಯಿಡೀ ಸಾಲುಗಳ ನಡುವೆ ಬೆಂಕಿ ಹಚ್ಚಿಕೊಂಡು ಬಳ್ಳಿಗಳನ್ನು ಕಾದರು. ದೂರದಿಂದ ತೆಗೆದ ಚಿತ್ರಗಳಲ್ಲಿ ಅದು ದೀಪಾವಳಿಯಂತೆ ಕಂಡಿತು. ಹತ್ತಿರವಿದ್ದವರಿಗೆ ಮಾತ್ರ ಅದು ವರ್ಷದ ಅನ್ನದ ಪ್ರಶ್ನೆಯಾಗಿತ್ತು.

ಎರಡನೆಯದು ಜೊತೆಗಾರರು ತಪ್ಪಿಹೋಗುವುದು. ಯೂರೋಪಿನ ಕಾಡಿನಲ್ಲಿ ಓಕ್ ಚಿಗುರಿದಾಗ ಒಂದು ಜಾತಿಯ ಪತಂಗದ ಹಸಿರು ಹುಳುಗಳು ಆ ಎಳೆಯ ಎಲೆಯನ್ನು ತಿಂದು ಬೆಳೆಯುತ್ತವೆ. ಆ ಹುಳುಗಳನ್ನು ಹಿಡಿದು ತಂದು ಹಕ್ಕಿಗಳು ಮರಿಗಳಿಗೆ ಉಣಿಸುತ್ತವೆ. ಎಲೆ, ಹುಳು, ಮರಿ ಮೂರೂ ಒಂದೇ ಕಾಲಕ್ಕೆ ಕೂಡಬೇಕು. ಪೈಡ್ ಫ್ಲೈಕ್ಯಾಚರ್ ಎಂಬ ಪುಟ್ಟ ಹಕ್ಕಿ ಚಳಿಗಾಲ ಕಳೆಯುವುದು ಪಶ್ಚಿಮ ಆಫ್ರಿಕದಲ್ಲಿ. ಅಲ್ಲಿಂದ ಹೊರಡುವ ಹೊತ್ತನ್ನು ಅದು ಗೊತ್ತುಮಾಡಿಕೊಳ್ಳುವುದು ಹಗಲಿನ ಉದ್ದದಿಂದ. ಸಾವಿರಾರು ಮೈಲಿ ಆಚೆ ಓಕ್ ಈ ವರ್ಷ ಬೇಗ ಚಿಗುರಿದೆ ಎಂದು ಅದಕ್ಕೆ ಹೇಳುವವರು ಯಾರು? ಹಕ್ಕಿ ಬಂದು ಗೂಡುಕಟ್ಟಿ ಮರಿ ಮಾಡುವಷ್ಟರಲ್ಲಿ ಹುಳುಗಳ ಸುಗ್ಗಿ ಮುಗಿದಿರುತ್ತದೆ. ಹುಳುಗಳ ಕಾಲ ತೀರಾ ಮುಂದೆ ಬಂದ ನೆದರ್ಲೆಂಡಿನ ಕಾಡುಗಳಲ್ಲಿ ಈ ಹಕ್ಕಿಗಳ ಸಂಖ್ಯೆ ಎರಡು ದಶಕಗಳಲ್ಲಿ ಶೇ. 90ರಷ್ಟು ಕುಸಿದಿತ್ತೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು.

ಗಿಡಗಳಲ್ಲೂ ಎಲ್ಲವೂ ಸಮನಾಗಿ ಹೊಂದಿಕೊಳ್ಳಲಾರವು. ಇದಕ್ಕೆ ಸಾಕ್ಷಿ ನಮಗೆ ಪರಿಚಿತನಾದ ಒಬ್ಬ ಲೇಖಕ. ಗಾಂಧೀಜಿ ಮೆಚ್ಚಿ ಓದಿದ ಹೆನ್ರಿ ಡೇವಿಡ್ ಥೋರೋ, ಅಸಹಕಾರದ ಪ್ರಬಂಧ ಬರೆದವನೆಂದೇ ನಮಗೆ ಗೊತ್ತು. ಆದರೆ 1850ರ ದಶಕದಲ್ಲಿ ಅವನು ತನ್ನ ಊರಾದ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಸುತ್ತಿನ ನೂರಾರು ಗಿಡಗಳು ಯಾವ ದಿನ ಹೂಬಿಟ್ಟವು ಎಂದು ವರ್ಷ ವರ್ಷ ಪಟ್ಟಿ ಮಾಡಿದ್ದ. ಒಂದೂವರೆ ಶತಮಾನದ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ಶಿಷ್ಯ ಏಬ್ರಹಾಂ ಮಿಲ್ಲರ್-ರಷಿಂಗ್ ಆ ಪಟ್ಟಿ ಹಿಡಿದು ಅದೇ ಊರಿನಲ್ಲಿ ಅದೇ ಗಿಡಗಳನ್ನು ಹುಡುಕುತ್ತ ಹೊರಟರು. ಹೂಗಳು ಥೋರೋ ಕಾಲಕ್ಕಿಂತ ಸರಾಸರಿ ಒಂದು ವಾರ ಮುಂಚೆ ಅರಳುತ್ತಿದ್ದವು. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದಿತ್ತು. ಅವನು ಕಂಡಿದ್ದ ಜಾತಿಗಳಲ್ಲಿ ಶೇ. 27ರಷ್ಟು ಆ ಊರಿನಿಂದಲೇ ಕಾಣೆಯಾಗಿದ್ದವು. ಇನ್ನೂ ಶೇ. 36ರಷ್ಟು ಬೆರಳೆಣಿಕೆಗೆ ಇಳಿದಿದ್ದವು. ಹೂಬಿಡುವ ಕಾಲವನ್ನು ಹವೆಗೆ ತಕ್ಕಂತೆ ಬದಲಿಸಿಕೊಳ್ಳಲಾರದ ಆರ್ಕಿಡ್, ಲಿಲಿಯಂಥ ಕುಲಗಳಿಗೇ ಹೆಚ್ಚು ಪೆಟ್ಟು ಬಿದ್ದಿತ್ತು ಎಂದು 2008ರ ವಿಶ್ಲೇಷಣೆ ಹೇಳಿತು. ಬೇಗ ಎದ್ದವರು ಉಳಿದರು, ಹಳೆಯ ಗಡಿಯಾರ ನಂಬಿದವರು ಸೋತರು.

ಮೂರನೆಯದು ಚಳಿಯ ಕೊರತೆ. ಮೊದಲ ಬೀಗದ ಮಾತು ನೆನಪಿದೆಯಲ್ಲ? ಚಳಿಗಾಲವೇ ಬೆಚ್ಚಗಾದರೆ ಚಳಿಯ ಗಂಟೆಗಳು ತುಂಬುವುದಿಲ್ಲ. ಆಗ ವಸಂತ ಎಷ್ಟೇ ಬಿಸಿಯಾಗಿರಲಿ, ಮೊಗ್ಗು ಅರೆನಿದ್ದೆಯಲ್ಲೇ ಉಳಿಯುತ್ತದೆ. ಮಧ್ಯ ಯೂರೋಪಿನ ಏಳು ಜಾತಿಯ ಮರಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 1980ರಿಂದ 1994ರ ಅವಧಿಯಲ್ಲಿ ಒಂದು ಡಿಗ್ರಿ ಬಿಸಿಯೇರಿದರೆ ಚಿಗುರು ನಾಲ್ಕು ದಿನ ಮುಂದೆ ಬರುತ್ತಿತ್ತು. 1999ರಿಂದ 2013ರ ಅವಧಿಯಲ್ಲಿ ಅದು 2.3 ದಿನಕ್ಕೆ ಇಳಿದಿತ್ತು. ಚಳಿ ಸಾಲದೆ ಬಂದದ್ದೇ ಇದಕ್ಕೆ ಮುಖ್ಯ ಕಾರಣವಿರಬೇಕೆಂದು ಅಧ್ಯಯನ ಮಾಡಿದವರು ಕಂಡರು. ಅಂದರೆ ಬಿಸಿಲು ಹೆಚ್ಚಾದಷ್ಟೂ ವಸಂತ ಅದೇ ಲೆಕ್ಕದಲ್ಲಿ ಮುಂದೆ ಬರುತ್ತ ಹೋಗುತ್ತದೆ ಎಂದು ಗಣಿತ ಹಾಕುವಂತಿಲ್ಲ. ಮರಕ್ಕೆ ತನ್ನದೇ ಮಿತಿಯಿದೆ.

ನಮ್ಮ ಹಿಮಾಲಯದಲ್ಲಿ

ಇದೆಲ್ಲ ಪರದೇಶದ ಕತೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ದೇಶಕ್ಕೂ ಒಂದು ಸಮಶೀತೋಷ್ಣ ಸೀಮೆ ಇದೆ, ಅದು ಹಿಮಾಲಯದ ಇಳಿಜಾರು. ಉತ್ತರಾಖಂಡದವರ ಪ್ರೀತಿಯ ಮರ ಬುರಾನ್ಸ್, ಅಂದರೆ ಕೆಂಪು ರೋಡೋಡೆಂಡ್ರಾನ್. ವಸಂತದಲ್ಲಿ ಬೆಟ್ಟವೇ ಕೆಂಪಾಗುವಂತೆ ಅರಳುವ ಈ ಹೂವು ಇತ್ತೀಚಿನ ಕೆಲವು ವರ್ಷಗಳಲ್ಲಿ ಕೆಲವು ಕಡೆ ಜನವರಿಯಲ್ಲೇ ಅರಳಿದ ವರದಿಗಳು ಬಂದಿವೆ. ಆ ಹೂವಿನ ಶರಬತ್ತು ಮಾಡಿ ಮಾರುವ ಬೆಟ್ಟದ ಹೆಂಗಸರಿಗೆ ಇದು ಜೀವನೋಪಾಯದ ವಿಷಯ.

ಹಿಮಾಚಲದ ಸೇಬಿನ ಕತೆಯನ್ನಂತೂ ನಾವು ಕೇಳಲೇಬೇಕು. ಅಮೆರಿಕದಿಂದ ಬಂದು ಶಿಮ್ಲಾ ಬಳಿಯ ಕೋಟಗಢದಲ್ಲಿ ನೆಲೆಸಿ, ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದ ಸ್ಯಾಮ್ಯುಯೆಲ್ ಸ್ಟೋಕ್ಸ್, 1910ರ ದಶಕದಲ್ಲಿ ಅಮೆರಿಕದ ಡೆಲಿಷಸ್ ತಳಿಯ ಸಸಿಗಳನ್ನು ತಂದು ನೆಟ್ಟರು. ಬಡ ಬೆಟ್ಟದೂರುಗಳ ಹಣೆಬರಹವನ್ನೇ ಆ ಹಣ್ಣು ಬದಲಿಸಿತು. ಆದರೆ ಅದು ಚಳಿ ಹೆಚ್ಚು ಬೇಡುವ ತಳಿ. ಕೆಳಗಿನ ಕಣಿವೆಗಳಲ್ಲಿ ಚಳಿಗಾಲದ ಹಿಮ ಕಡಿಮೆಯಾದಂತೆ ಹೂವು ಒಂದೇ ಸಮನೆ ಬಿಡದೆ, ಕಾಯಿ ಕಚ್ಚದೆ ಹೋಗತೊಡಗಿತು. ಕುಲ್ಲು ಕಣಿವೆಯ ಕೆಳಭಾಗದಲ್ಲಿ, ಸೋಲನ್ ಕಡೆಯಲ್ಲಿ ಅನೇಕರು ಸೇಬು ಕಿತ್ತು ದಾಳಿಂಬೆ, ಕಿವಿ, ತರಕಾರಿಗೆ ಇಳಿದರು. ಸೇಬು ಮೇಲಕ್ಕೆ ಹತ್ತಿತು. ಹಿಂದೆ ಸೇಬಿಗೆ ವಿಪರೀತ ಚಳಿ ಎನಿಸಿದ್ದ ಲಾಹೌಲ್-ಸ್ಪಿತಿಯಲ್ಲಿ ಈಗ ತೋಟಗಳೆದ್ದಿವೆ. ಮೇಲಿನವನಿಗೆ ಲಾಭ, ಕೆಳಗಿನವನಿಗೆ ನಷ್ಟ. ಆದರೆ ಬೆಟ್ಟಕ್ಕೊಂದು ತುದಿಯಿದೆ. ಅಲ್ಲಿಂದ ಮೇಲೆ ಹತ್ತಲು ಜಾಗವಿಲ್ಲ.

ನಮ್ಮ ಕರ್ನಾಟಕದ ಮರಗಳ ಲೆಕ್ಕ ಇನ್ನೊಂದು ಬಗೆಯದು. ಇಲ್ಲಿ ಹಿಮದ ಭಯವಿಲ್ಲ, ಆದ್ದರಿಂದ ಮರ ಎಣಿಸುವುದು ಹೆಚ್ಚಾಗಿ ಮಳೆಯನ್ನು. ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡ ಮೊಗ್ಗು ಹೊತ್ತು ಹೂಮಳೆಗೆ ಕಾಯುತ್ತದೆ. ಮಾವಿಗೆ ಧನುರ್ಮಾಸದ ಒಣಚಳಿ ಬೇಕು. ಗಡಿಯಾರ ಬೇರೆ, ಆದರೆ ಪಾಠ ಒಂದೇ: ಮರ ಏನನ್ನು ಎಣಿಸುತ್ತದೋ ಅದನ್ನು ನಾವು ಕೆಡಿಸಿದರೆ ಅದರ ಎಣಿಕೆ ತಪ್ಪುತ್ತದೆ. ಹಳೆಯ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕದ ಪುಸ್ತಕಗಳು ಇಂದಿಗೂ ಇವೆ. ಅವುಗಳಿಗೆ ಕ್ಯೋಟೋದ ದಿನಚರಿಗಳಷ್ಟೇ ಬೆಲೆ ಬರುವ ಕಾಲ ದೂರವಿಲ್ಲ.

ಒಂದು ಮನೆಯ ಮಾತು ಹೇಳಿ ಮುಗಿಸುತ್ತೇನೆ. ನಮ್ಮ ತಂದೆಯವರಿಗೆ ಪಂಚಾಂಗದ ಅಂಚಿನಲ್ಲಿ ಬರೆಯುವ ಅಭ್ಯಾಸವಿತ್ತು. ಹಸು ಕರು ಹಾಕಿದ್ದು, ಕೊಟ್ಟ ಸಾಲ, ಬಂದ ನೆಂಟರು. ಅದರ ನಡುವೆ ಹಿತ್ತಲ ಮಾವು ಹೂಬಿಟ್ಟದ್ದು, ಮೊದಲ ಮಳೆ ಬಿದ್ದದ್ದು. ನಲವತ್ತು ವರ್ಷದ ಪಂಚಾಂಗಗಳು ಅಟ್ಟದ ಮೇಲೆ ಇದ್ದವು. ಅವರು ಹೋದ ಮೇಲೆ ಮನೆ ದುರಸ್ತಿ ಮಾಡಿಸುವಾಗ ನಾನೇ ಅವನ್ನು ಹಳೆಯ ಕಾಗದದವನಿಗೆ ತೂಕಕ್ಕೆ ಹಾಕಿದೆ. ಇತಿಹಾಸದ ಮೇಷ್ಟ್ರು ನಾನು, ಮಕ್ಕಳಿಗೆ ದಾಖಲೆಯ ಮಹತ್ವ ಬೋಧಿಸುತ್ತಿದ್ದವನು! ಕಲ್ಲಿನ ಶಾಸನ ಮಾತ್ರ ದಾಖಲೆ ಎಂದುಕೊಂಡಿದ್ದೆ. ಮಾವಿನ ಹೂವೂ ಒಂದು ದಾಖಲೆ ಎಂದು ತಿಳಿಯುವ ಹೊತ್ತಿಗೆ ಕಾಗದ ಪೊಟ್ಟಣವಾಗಿ ಊರೆಲ್ಲ ಹಂಚಿಹೋಗಿತ್ತು.

ನಿಮ್ಮ ಮನೆಯಲ್ಲಿ ಅಂಥ ಪಂಚಾಂಗ, ಡೈರಿ, ತೋಟದ ಪುಸ್ತಕ ಇದ್ದರೆ ದಯವಿಟ್ಟು ಎಸೆಯಬೇಡಿ. ಇಲ್ಲದಿದ್ದರೆ ಇಂದೇ ಶುರುಮಾಡಿ. ನಮ್ಮ ದೇಶದಲ್ಲಿ 2010ರ ಸುಮಾರಿಗೆ ಪ್ರಾರಂಭವಾದ ಸೀಸನ್‌ವಾಚ್ ಎಂಬ ಯೋಜನೆಯಡಿ ಶಾಲಾಮಕ್ಕಳು, ಅದರಲ್ಲೂ ಕೇರಳದ ಮಕ್ಕಳು, ತಮ್ಮ ಅಂಗಳದ ಮರಗಳನ್ನು ವಾರವಾರ ನೋಡಿ ಚಿಗುರು, ಹೂ, ಕಾಯಿಗಳ ಲೆಕ್ಕ ಕೊಡುತ್ತಿದ್ದಾರೆ. ಅದಕ್ಕೆ ಉಪಕರಣ ಬೇಡ, ಪದವಿ ಬೇಡ. ಒಂದು ಮರ, ಒಂದು ಪುಸ್ತಕ, ಬಿಡದ ಹಟ ಇದ್ದರೆ ಸಾಕು. ಮರ ಬದಲಾಯಿಸಬೇಡಿ, ತಾರೀಖು ಅಂದಾಜಿನಲ್ಲಿ ಬರೆಯಬೇಡಿ, ಹೂಬಿಡದ ವರ್ಷ 'ಹೂಬಿಡಲಿಲ್ಲ' ಎಂದೂ ಬರೆಯಿರಿ.

ಬರೆದಿಡುವುದರಿಂದ ಭೂಮಿ ತಣ್ಣಗಾಗುವುದಿಲ್ಲ ನಿಜ. ಅದಕ್ಕೆ ಬೇರೆ ಕೆಲಸಗಳಿವೆ, ಅವನ್ನು ಮಾಡಬೇಕಾದವರನ್ನು ಕೇಳುವ ಹಕ್ಕು ನಮಗಿದೆ. ಆದರೆ ಏನು ಕಳೆದುಹೋಯಿತೆಂದು ಗೊತ್ತಿಲ್ಲದವರು ಯಾವ ಬಾಯಿಂದ ಕೇಳಿಯಾರು? ನಾರ್ಫೋಕಿನ ಆ ಜಮೀನುದಾರ ಓಕ್ ಚಿಗುರಿದ ದಿನ ಬರೆಯುವಾಗ ಅದು ಮುಂದೆ ಯಾರ ಕೈಸೇರುತ್ತದೆಂದು ಬಲ್ಲವನಾಗಿರಲಿಲ್ಲ. ನಿಮ್ಮ ಹಿತ್ತಲ ಮರದ ಲೆಕ್ಕವೂ ನೀವು ಕಾಣದ ಯಾರದೋ ಕೈಸೇರಬಹುದು. ಈ ಸಲ ಯುಗಾದಿಗೆ ತೋರಣದ ಚಿಗುರು ಕೀಳುವ ಮುನ್ನ ಮರವನ್ನೊಮ್ಮೆ ನೋಡಿ, ದಿನ ಬರೆದಿಡಿ.